ಮೊದಲ ವರ್ಷ ತುಪ್ಪದ ಮಾತು ಬೇಡ: ನಮ್ಮ ಬಯಲುಸೀಮೆಯಲ್ಲಿ ಜೇನು ಸಾಕುವವರಿಗೆ

(ಕೊಪ್ಪಳ ಜಿಲ್ಲೆಯ ಕುಷ್ಟಗಿ ಸೀಮೆಯ ರೈತರ ಮುಂದೆ ಆಡಿದ ಮಾತಿನ ಬರಹ ರೂಪ. ನಡುವೆ ಕೇಳಿದ ಪ್ರಶ್ನೆಗಳನ್ನು ಹಾಗೇ ಬಿಟ್ಟಿದ್ದೇನೆ.)

ಎಲ್ಲರಿಗೂ ನಮಸ್ಕಾರ. ಒಳಗೆ ಬರುವ ಮುಂಚೆ ಚಹಾ ಕುಡಿಯುವಾಗಲೇ ಒಬ್ಬ ಹಿರಿಯರು ಹಿಡಿದುಕೊಂಡರು. “ತಮ್ಮಾ, ಒಂದು ಪೆಟ್ಟಿಗಿಗೆ ಎಷ್ಟು ಕೆಜಿ ತುಪ್ಪ ಬರ್ತದ? ಅದನ್ನ ಮೊದ್ಲು ಹೇಳು, ಉಳಿದದ್ದು ಆಮ್ಯಾಲೆ.” ಸರಿ, ಮೊದಲು ಅದನ್ನೇ ಹೇಳಿಬಿಡುತ್ತೇನೆ. ನಮ್ಮ ನಾಡಿನ ತುಡುವೆ ಜೇನು ಚೆನ್ನಾಗಿ ನಡೆದರೆ ಪೆಟ್ಟಿಗೆಗೆ ವರ್ಷಕ್ಕೆ 5ರಿಂದ 10 ಕೆಜಿ. ಹೊರಗಿನಿಂದ ಬಂದ ಮೆಲ್ಲಿಫೆರಾ ಜಾತಿಯ ಜೇನು ಆದರೆ ಅದರ ಎರಡು ಮೂರು ಪಟ್ಟು, ಹೂವಿನ ಹಿಂದೆ ಪೆಟ್ಟಿಗೆ ಹೊತ್ತುಕೊಂಡು ಊರೂರು ತಿರುಗಿದರೆ ಇನ್ನೂ ಜಾಸ್ತಿ. ಮೊದಲ ವರ್ಷ ಎಷ್ಟು ಅಂತ ಕೇಳಿದರೆ, ಸೊನ್ನೆ ಅಂತ ಬರೆದುಕೊಳ್ಳಿ. ಬಂದರೆ ಲಾಭ.

ಯಾಕೆ ಹೀಗೆ ಹೇಳುತ್ತೇನೆ ಅಂದರೆ, ಜೇನು ಸಾಕಣೆಯ ಬಗ್ಗೆ ಸಿಗುವ ಪುಸ್ತಕ, ವಿಡಿಯೋ ಎಲ್ಲ ಹೆಚ್ಚಾಗಿ ಮಲೆನಾಡಿನವು, ಕೊಡಗಿನವು. ಅಲ್ಲಿ ಕಾಡಿದೆ, ನೆರಳಿದೆ, ಹೊಳೆ ಹಳ್ಳ ಇದೆ. ಅಲ್ಲಿಯವರ ಕಷ್ಟ ಮಳೆ. ನಮ್ಮ ಕಷ್ಟ ಬೇರೆ. ನಮ್ಮಲ್ಲಿ ಪೆಟ್ಟಿಗೆ ಖಾಲಿಯಾಗುವುದು ಎರಡು ಹೊತ್ತಿನಲ್ಲಿ. ಒಂದು ಬಿಸಿಲು ನೆತ್ತಿ ಸುಡುವಾಗ, ಇನ್ನೊಂದು ಹೂವು ಇಲ್ಲದಾಗ. ಈ ಎರಡನ್ನೂ ದಾಟಿಸಿದರೆ ತುಪ್ಪ ತಾನಾಗೇ ಬರುತ್ತದೆ. ದಾಟಿಸದೆ ತುಪ್ಪಕ್ಕೆ ಕೈ ಹಾಕಿದರೆ ಮುಂದಿನ ವರ್ಷ ನಿಮ್ಮ ಹತ್ತಿರ ಕಟ್ಟಿಗೆಯ ಪೆಟ್ಟಿಗೆ ಮಾತ್ರ ಉಳಿದಿರುತ್ತದೆ, ಕೋಳಿ ಮೊಟ್ಟೆ ಇಡೋಕೆ ಅನುಕೂಲ.

ಮೊದಲು ಹೂವಿನ ಲೆಕ್ಕ ಹಾಕೋಣ. ಪೆಟ್ಟಿಗೆ ತರುವ ಮುಂಚೆ ಒಂದು ವರ್ಷ, ಹೋಗಲಿ ಆರು ತಿಂಗಳಾದರೂ, ನಿಮ್ಮ ಹೊಲದ ಸುತ್ತ ಯಾವ ತಿಂಗಳು ಏನು ಹೂ ಬಿಡುತ್ತದೆ ಅಂತ ಕ್ಯಾಲೆಂಡರಿನ ಮೇಲೆ ಬರೆದುಕೊಳ್ಳುತ್ತಾ ಹೋಗಿ. ತುಡುವೆ ಜೇನು ಸಾಮಾನ್ಯವಾಗಿ ಒಂದು, ಒಂದೂವರೆ ಕಿಲೋಮೀಟರ್ ದೂರದೊಳಗೇ ದುಡಿಯುತ್ತದೆ. ಮೆಲ್ಲಿಫೆರಾ ಮೂರು ಕಿಲೋಮೀಟರ್ ತನಕ ಹೋಗಬಲ್ಲದು. ಹಾಗಾಗಿ ನಿಮ್ಮ ಹೊಲ ಒಂದೇ ಅಲ್ಲ, ಪಕ್ಕದವರ ಬದು, ಹಳ್ಳದ ದಂಡೆ, ರಸ್ತೆ ಬದಿಯ ಗಿಡ ಎಲ್ಲ ಅದರ ಹೊಲ. ನಮ್ಮಲ್ಲಿ ಏನಿದೆ? ಮಾಘ ಫಾಲ್ಗುಣ ದಾಟುತ್ತಿದ್ದಂತೆ ಬೇವು ಹೂ ಬಿಡುತ್ತದೆ, ಅದರ ಹಿಂದೆಯೇ ಹೊಂಗೆ. ಹುಣಸೆ ಇದೆ, ನುಗ್ಗೆ ಇದೆ, ತೆಂಗು ಇದ್ದವರಿಗೆ ವರ್ಷಪೂರ್ತಿ ಪರಾಗ. ಹೊಲದಲ್ಲಿ ಸೂರ್ಯಕಾಂತಿ, ಎಳ್ಳು, ಗುರೆಳ್ಳು, ತೊಗರಿ, ಕೊತ್ತಂಬರಿ, ಬೀಜಕ್ಕೆ ಬಿಟ್ಟ ಉಳ್ಳಾಗಡ್ಡಿ. ಜೋಳ, ಸಜ್ಜೆ, ಮೆಕ್ಕೆಜೋಳದಿಂದ ಮಕರಂದ ಸಿಗೋದಿಲ್ಲ, ಪರಾಗ ಸಿಗುತ್ತದೆ. ಪರಾಗ ಇಲ್ಲದೆ ಮರಿ ಬೆಳೆಯೋದಿಲ್ಲ, ಆದ್ದರಿಂದ ಅದನ್ನೂ ಬರೆದುಕೊಳ್ಳಿ.

ಇನ್ನು ಬಳ್ಳಾರಿ ಜಾಲಿ. ನೀವೆಲ್ಲ ನಗುತ್ತೀರಿ, ಗೊತ್ತು. ಹೊಲ ನುಂಗುವ ಗಿಡ, ಕೆರೆ ನುಂಗುವ ಗಿಡ, ಮುಳ್ಳು ಟ್ರ್ಯಾಕ್ಟರ್ ಟೈರಿಗೂ ಬಿಡೋದಿಲ್ಲ. ಬೇಕಂತ ಬೆಳೆಸಿ ಅಂತ ನಾನೂ ಹೇಳೋದಿಲ್ಲ. ಆದರೆ ಜೇನಿನ ಲೆಕ್ಕದಲ್ಲಿ ಅದು ದೊಡ್ಡ ಊಟದ ಮನೆ. ಮಳೆ ಇಲ್ಲದಿದ್ದರೂ ಹೂ ಬಿಡುತ್ತದೆ, ವರ್ಷದಲ್ಲಿ ಒಂದಕ್ಕಿಂತ ಜಾಸ್ತಿ ಸಲ ಬಿಡುತ್ತದೆ, ಮಕರಂದ ಭರ್ಜರಿ. ಬೆಳಿಗ್ಗೆ ಹೂ ತುಂಬಿದ ಜಾಲಿಯ ಕೆಳಗೆ ಸುಮ್ನೆ ನಿಂತು ಕೇಳಿ, ಗಿಡವೇ ಗುಂಯ್‌ಗುಟ್ಟುತ್ತದೆ. ನಿಮ್ಮ ಊರಿನ ಹಳ್ಳದಲ್ಲಿ ಅದು ಹೇಗೂ ಇದೆ. ಇದ್ದದ್ದನ್ನು ಲೆಕ್ಕಕ್ಕೆ ಹಿಡಿಯಿರಿ ಅಷ್ಟೇ.

ಇದಕ್ಕೆ ಇನ್ನೊಂದು ಮುಖ ಇದೆ. ಗಂಗಾವತಿ, ಸಿಂಧನೂರು ಕಡೆಯಿಂದ ಬಂದವರು ಇಲ್ಲಿ ಕೆಲವರು ಇದ್ದೀರಿ. “ನಮ್ಮಲ್ಲಿ ಕಾಲುವೆ ನೀರು, ಎಲ್ಲಿ ನೋಡಿದರೂ ಹಸಿರು, ಜೇನಿಗೆ ನಿಮಗಿಂತ ನಮ್ಮದೇ ಒಳ್ಳೆ ಜಾಗ ಅಲ್ವಾ?” ಅಂತ ಕೇಳುತ್ತೀರಿ. ಅಲ್ಲ. ಭತ್ತದಲ್ಲಿ ಮಕರಂದ ಇಲ್ಲ. ಭತ್ತದ ಹೂವಿನಿಂದ ಬೆಳಿಗ್ಗೆ ಸ್ವಲ್ಪ ಪರಾಗ ಸಿಗಬಹುದು, ಅಷ್ಟೇ. ಮೇಲೆ ಎಣ್ಣೆ, ಅಂದರೆ ಕೀಟನಾಶಕ, ಹೊಡೆಯುವುದೂ ಅಲ್ಲೇ ಜಾಸ್ತಿ. ಮೈಲಿಗಟ್ಟಲೆ ಭತ್ತದ ನಡುವೆ ಇಟ್ಟ ಪೆಟ್ಟಿಗೆಗಿಂತ, ಕುಷ್ಟಗಿ ಯಲಬುರ್ಗಾ ಕಡೆಯ ಒಣ ಬೇಸಾಯದಲ್ಲಿ ಬದುವಿಗೆ ನಾಲ್ಕು ಹೊಂಗೆ, ಎರಡು ಬೇವು ಇರುವ ಹೊಲದಲ್ಲಿ ಇಟ್ಟ ಪೆಟ್ಟಿಗೆ ಚೆನ್ನಾಗಿರುತ್ತದೆ. ಕಾಲುವೆ ಸೀಮೆಯವರು ಊರ ಹತ್ತಿರ, ಗುಡ್ಡದ ಕಡೆ ಜಾಗ ಹುಡುಕಿ.

ಯಾವ ಜೇನು ಸಾಕಬೇಕು? ನಮ್ಮಲ್ಲಿ ಕಾಣುವ ಹೆಜ್ಜೇನು, ಕೋಲುಜೇನು ಎರಡನ್ನೂ ಪೆಟ್ಟಿಗೆಯಲ್ಲಿ ಸಾಕಲಾಗದು. ಅವು ಬಯಲಲ್ಲಿ ಒಂದೇ ಎರಿ (ಮೇಣದ ಹಲ್ಲೆ) ಕಟ್ಟುವ ಜಾತಿ. ಆನೆಗೊಂದಿ ಸುತ್ತಿನ ಬಂಡೆಗಳಲ್ಲಿ, ನೀರಿನ ಟ್ಯಾಂಕಿನ ಅಡಿಯಲ್ಲಿ ತೂಗಾಡುವುದು ಹೆಜ್ಜೇನು. ಜಾಲಿ ಪೊದೆಯಲ್ಲಿ ಕಡ್ಡಿಗೆ ಅಂಟಿಕೊಂಡಿರುವ ಸಣ್ಣದು ಕೋಲುಜೇನು. ಪೆಟ್ಟಿಗೆಗೆ ಒಗ್ಗುವುದು ಹುತ್ತದಲ್ಲಿ, ಮರದ ಪೊಟರೆಯಲ್ಲಿ ಕತ್ತಲಲ್ಲಿ ಸಾಲಾಗಿ ಎರಿ ಕಟ್ಟುವ ತುಡುವೆ, ಮತ್ತೆ ಹೊರಗಿನಿಂದ ಬಂದ ಮೆಲ್ಲಿಫೆರಾ. ಮೆಲ್ಲಿಫೆರಾ 1960ರ ದಶಕದಲ್ಲಿ ಉತ್ತರ ಭಾರತದಲ್ಲಿ ನೆಲೆಯೂರಿತು. ನಮ್ಮ ರಾಜ್ಯದಲ್ಲಿ ಅದರ ಮಾತು ಜೋರಾಗಿದ್ದು ಆಮೇಲೆ, 1991-92ರ ಹೊತ್ತಿಗೆ ಥಾಯ್ ಸ್ಯಾಕ್‌ಬ್ರೂಡ್ ಅನ್ನುವ ವೈರಸ್ ರೋಗ ಕೇರಳ ಕರ್ನಾಟಕದ ತುಡುವೆ ಕುಟುಂಬಗಳನ್ನು ಗುಡಿಸಿ ಹಾಕಿದ ಮೇಲೆ. ಆ ರೋಗಕ್ಕೆ ಈಗಲೂ ಔಷಧಿ ಇಲ್ಲ. ಮರಿಹುಳು ನೀರು ತುಂಬಿದ ಚೀಲದಂತಾಗಿ, ತಲೆ ಮೇಲೆ ಮಾಡಿಕೊಂಡು ಎರಿಯ ಸಣ್ಣ ಕೋಣೆಯಲ್ಲೇ ಸತ್ತಿರುತ್ತದೆ. ಹಾಗೆ ಕಂಡರೆ ಆ ಎರಿಯನ್ನು ಇನ್ನೊಂದು ಪೆಟ್ಟಿಗೆಗೆ ಯಾವ ಕಾರಣಕ್ಕೂ ಹಾಕಬೇಡಿ.

ತುಡುವೆ ನಮ್ಮ ಹವೆಗೆ ಒಗ್ಗಿದ್ದು, ಮೈಗೆ ಅಂಟುವ ವರೋವಾ ನುಸಿಯನ್ನು ತಾನೇ ಕಿತ್ತು ಎಸೆಯುತ್ತದೆ, ಖರ್ಚು ಕಡಿಮೆ. ಆದರೆ ಸಿಟ್ಟು ಬಂದರೆ, ಹಸಿವಾದರೆ, ಸೆಖೆಯಾದರೆ ಪರಾರಿ. ಮೆಲ್ಲಿಫೆರಾ ಅಷ್ಟು ಸುಲಭಕ್ಕೆ ಓಡಿಹೋಗೋದಿಲ್ಲ, ತುಪ್ಪ ಜಾಸ್ತಿ, ಆದರೆ ವರೋವಾ ನುಸಿಯ ಕಾಟ, ಹೂವಿಲ್ಲದಾಗ ಸಕ್ಕರೆಯ ಖರ್ಚು. ನನ್ನ ಅಭಿಪ್ರಾಯ ಕೇಳಿದರೆ, ಒಂದೇ ಊರಲ್ಲಿದ್ದು ಹೊಲ ನೋಡಿಕೊಳ್ಳುವವರಿಗೆ ತುಡುವೆ. ಎರಡು ಪೆಟ್ಟಿಗೆ ಸಾಕು. ಒಂದೇ ತಂದರೆ ಅದು ಸರಿ ಇದೆಯೋ ಇಲ್ಲವೋ ಹೋಲಿಸಿ ನೋಡಲು ಏನೂ ಇರೋದಿಲ್ಲ, ಒಂದರ ರಾಣಿ ಸತ್ತರೆ ಇನ್ನೊಂದರಿಂದ ತತ್ತಿ ಇರುವ ಎರಿ ಕೊಟ್ಟು ಉಳಿಸಿಕೊಳ್ಳಲೂ ಆಗೋದಿಲ್ಲ. ಹತ್ತು ತಂದರೆ ಹತ್ತನ್ನೂ ನೋಡಲು ಪುರುಸೊತ್ತಿರೋದಿಲ್ಲ.

ಈಗ ಜಾಗ. ಬೇವು, ಹೊಂಗೆ, ಹುಣಸೆ, ಮಾವು ಯಾವುದಾದರೂ ಸರಿ, ಗಿಡದ ನೆರಳು ಬೇಕು. ತಗಡಿನ ಶೆಡ್ ನೆರಳಲ್ಲ, ಅದು ಒಲೆ. ಬಾಗಿಲು ಪೂರ್ವಕ್ಕಿರಲಿ. ಜ್ಯೇಷ್ಠ ಆಷಾಢದಲ್ಲಿ ನಮ್ಮ ಬಯಲಿಗೆ ಬೀಸುವ ಪಡುವಣ ಗಾಳಿ ನಿಮಗೆ ಗೊತ್ತಲ್ಲ, ಬಾಗಿಲು ಅತ್ತ ಇಟ್ಟರೆ ಹೊರೆ ಹೊತ್ತು ಬಂದ ಜೇನುನೊಣ ಬಾಗಿಲಿಗೆ ಇಳಿಯಲಾಗದೆ ನೆಲಕ್ಕೆ ಬೀಳುತ್ತದೆ. ಮುಚ್ಚಳದ ಮೇಲೆ ಒಂದು ಕಲ್ಲು ಇಡಿ. ಸ್ಟ್ಯಾಂಡಿನ ಕಾಲನ್ನು ನೀರು ತುಂಬಿದ ಬಟ್ಟಲಲ್ಲಿ ನಿಲ್ಲಿಸಿ, ಇರುವೆಗೆ. ಬೇಸಿಗೆಯಲ್ಲಿ ನೀರು ಒಂದೇ ದಿನಕ್ಕೆ ಆರಿಹೋಗುತ್ತದೆ, ಹಾಗಾಗಿ ಹಳೆ ಎಂಜಿನ್ ಆಯಿಲ್ ಹಾಕುವವರೂ ಇದ್ದಾರೆ. ಯಾವುದನ್ನೇ ಹಾಕಿ, ಒಂದು ಹುಲ್ಲುಕಡ್ಡಿ ಪೆಟ್ಟಿಗೆಗೆ ತಾಗಿದ್ದರೆ ಇರುವೆಗೆ ಅದೇ ಸೇತುವೆ.

ಇನ್ನೊಂದು ಮಾತು ಗಟ್ಟಿಯಾಗಿ ಹೇಳುತ್ತೇನೆ. ದನ ಕಟ್ಟುವ ಜಾಗದ ಹತ್ತಿರ ಪೆಟ್ಟಿಗೆ ಇಡಬೇಡಿ. ಜೇನು ಎದ್ದರೆ ಮನುಷ್ಯ ಓಡುತ್ತಾನೆ. ಹಗ್ಗಕ್ಕೆ ಕಟ್ಟಿದ ಎತ್ತು ಎಲ್ಲಿಗೆ ಓಡುತ್ತದೆ?

“ಬ್ಯಾಸಿಗ್ಯಾಗ ನಮ್ಮ ರಾಯಚೂರಿನ ಬಿಸಲಿಗೆ ಮನುಷ್ಯಾರ ತಡಿಯೂದಿಲ್ಲ, ಇವು ಹೆಂಗ ತಡಿತಾವ್ರಿ?” ಅಂತ ಹಿಂದಿನಿಂದ ಒಬ್ಬ ಅಣ್ಣ ಕೇಳಿದರು. ಒಳ್ಳೆ ಪ್ರಶ್ನೆ. ಮರಿ ಇರುವ ಎರಿಯ ಸುತ್ತ ಜೇನಿಗೆ 34-35 ಡಿಗ್ರಿ ಬೇಕು. ಹೊರಗೆ 42-43 ಇದ್ದಾಗಲೂ ಅವು ಒಳಗೆ ಅಷ್ಟಕ್ಕೇ ಇಳಿಸುತ್ತವೆ. ಹೇಗೆ ಅಂದರೆ, ಒಂದಷ್ಟು ನೊಣ ನೀರು ತಂದು ಎರಿಯ ಕೋಣೆಗಳ ಅಂಚಿಗೆ ತೆಳ್ಳಗೆ ಹಚ್ಚುತ್ತವೆ, ಇನ್ನೊಂದಷ್ಟು ಬಾಗಿಲಲ್ಲಿ ಸಾಲಾಗಿ ಕಾಲೂರಿ ನಿಂತು ರೆಕ್ಕೆ ಬೀಸುತ್ತವೆ. ಏಪ್ರಿಲ್ ಮಧ್ಯಾಹ್ನ ಬಾಗಿಲ ಹತ್ತಿರ ಕೈ ಹಿಡಿದರೆ ಗಾಳಿ ತಾಗುವುದು ಗೊತ್ತಾಗುತ್ತದೆ. ಆದರೆ ಈ ಕೆಲಸಕ್ಕೆ ನಿಂತ ನೊಣ ಹೂವಿಗೆ ಹೋಗೋದಿಲ್ಲ. ಬೇವು ಹೊಂಗೆ ಹೂ ಬಿಟ್ಟಿದ್ದರೂ ನಿಮ್ಮ ಪೆಟ್ಟಿಗೆಗೆ ತುಪ್ಪ ಬರುತ್ತಿಲ್ಲ ಅಂದರೆ ಅರ್ಧ ಮಂದಿ ನೀರು ಹೊರುವುದರಲ್ಲಿ, ಗಾಳಿ ಬೀಸುವುದರಲ್ಲಿ ಇದ್ದಾರೆ ಅಂತ. ಅವರ ಕೆಲಸವನ್ನು ನೀವು ಕಡಿಮೆ ಮಾಡಬೇಕು. ಮುಚ್ಚಳದ ಮೇಲೆ ಒದ್ದೆ ಗೋಣಿಚೀಲ ಹಾಕಿ, ಹೊತ್ತಿಗೊಮ್ಮೆ ನೀರು ಚಿಮುಕಿಸಿ. ಪೆಟ್ಟಿಗೆಯಿಂದ ಸ್ವಲ್ಪ ದೂರ ನೆರಳಲ್ಲಿ ಅಗಲ ಬಾಯಿಯ ಮಣ್ಣಿನ ಪಾತ್ರೆ ಇಟ್ಟು, ಅದರಲ್ಲಿ ಬೆಣಚುಕಲ್ಲು ತುಂಬಿ, ಕಲ್ಲಿನ ತಲೆ ಮುಳುಗದಷ್ಟು ನೀರು ಹಾಕಿ. ಕಲ್ಲಿಲ್ಲದಿದ್ದರೆ ಕುಡಿಯಲು ಬಂದ ನೊಣ ಮುಳುಗಿ ಸಾಯುತ್ತದೆ. ಕೃಷಿಹೊಂಡ ಇದೆಯಲ್ಲ ಅನ್ನಬೇಡಿ, ಪ್ಲಾಸ್ಟಿಕ್ ಹಾಸಿದ ಹೊಂಡದ ದಂಡೆ ಜಾರುತ್ತದೆ. ಈ ನೀರನ್ನು ಪೆಟ್ಟಿಗೆ ತಂದ ಮೊದಲ ದಿನದಿಂದಲೇ ಇಡಬೇಕು. ಒಮ್ಮೆ ಪಕ್ಕದ ಮನೆಯ ನೀರಿನ ತೊಟ್ಟಿ ರೂಢಿಯಾಯಿತೋ, ನೀವು ಆಮೇಲೆ ಪನ್ನೀರು ಇಟ್ಟರೂ ಇತ್ತ ತಿರುಗೋದಿಲ್ಲ. ಜಗಳ ನಿಮಗೆ.

ಪೆಟ್ಟಿಗೆ ತೆರೆದು ನೋಡುವ ವಿಷಯಕ್ಕೆ ಬರೋಣ. ಹೊಸಬರು ಎರಡು ಥರ ಇರುತ್ತಾರೆ. ಹೆದರಿ ತಿಂಗಳುಗಟ್ಟಲೆ ತೆರೆಯದವರು, ದಿನಾ ತೆರೆಯುವವರು. ಎರಡೂ ಬೇಡ. ಹತ್ತು ಹನ್ನೆರಡು ದಿನಕ್ಕೊಮ್ಮೆ, ಬಿಸಿಲು ಏರುವ ಮುಂಚೆ ಬೆಳಿಗ್ಗೆ. ಬಿಳಿ ಇಲ್ಲವೇ ತಿಳಿ ಬಣ್ಣದ ಬಟ್ಟೆ, ಮುಖಕ್ಕೆ ಜಾಲರಿ. ಸೆಂಟು, ವಾಸನೆ ಎಣ್ಣೆ ಬೇಡ. ಹೊಗೆತಿದಿಯಲ್ಲಿ (ಹೊಗೆ ಊದುವ ಡಬ್ಬಿ) ಒಣ ಕುಳ್ಳಿನ ಚೂರು, ತೆಂಗಿನ ನಾರು, ಹಳೆ ಗೋಣಿ ಯಾವುದಾದರೂ ನಡೆಯುತ್ತದೆ. ಹೊಗೆ ತಣ್ಣಗಿರಬೇಕು, ಕಿಡಿ ಹಾರಬಾರದು, ಬಾಗಿಲಲ್ಲಿ ಎರಡು ಮೂರು ಉಸಿರು ಸಾಕು. ಬಾಗಿಲ ಎದುರು ನಿಲ್ಲಬೇಡಿ, ಪಕ್ಕದಲ್ಲಿ ನಿಲ್ಲಿ. ಕೊಂಡಿ ಚುಚ್ಚಿದರೆ ಚಿವುಟಿ ಕೀಳಬೇಡಿ, ಉಗುರಿನಿಂದ ಕೆರೆದು ತೆಗೆಯಿರಿ, ಬೇಗ. ಅದರ ವಾಸನೆಗೆ ಇನ್ನೊಂದು ಬರುತ್ತದೆ. ಯಾರಿಗಾದರೂ ಚುಚ್ಚಿದ ಮೇಲೆ ಮೈಯೆಲ್ಲ ದದ್ದು, ಉಸಿರು ಕಟ್ಟುವುದು, ತಲೆ ತಿರುಗುವುದು ಶುರುವಾದರೆ ಸುಣ್ಣ ಹಚ್ಚುತ್ತಾ ಕೂರಬೇಡಿ, ನೇರ ಆಸ್ಪತ್ರೆಗೆ ಹೋಗಿ.

ಫ್ರೇಮ್, ಅಂದರೆ ಎರಿ ಕಟ್ಟಿರುವ ಕಟ್ಟಿಗೆ ಚೌಕಟ್ಟು, ಎತ್ತಿದಿರಿ. ಏನು ನೋಡಬೇಕು? ಎಲ್ಲರೂ ರಾಣಿಯನ್ನೇ ಹುಡುಕುತ್ತಾರೆ, ಸಿಗದಿದ್ದರೆ ಗಾಬರಿ. ರಾಣಿ ಸಿಗಬೇಕಂತಿಲ್ಲ. ಸೂರ್ಯನಿಗೆ ಬೆನ್ನು ಮಾಡಿ, ಬೆಳಕು ನಿಮ್ಮ ಭುಜದ ಮೇಲಿಂದ ಎರಿಯ ಕೋಣೆಯ ತಳಕ್ಕೆ ಬೀಳುವ ಹಾಗೆ ಫ್ರೇಮನ್ನು ಸ್ವಲ್ಪ ಓರೆ ಹಿಡಿಯಿರಿ. ಕೋಣೆಯ ತಳದಲ್ಲಿ ಬಿಳಿ ನೂಲಿನ ತುಣುಕಿನಂಥದ್ದು ಕಾಣುತ್ತದೆ, ಅದೇ ತತ್ತಿ. ಮೊದಲ ದಿನ ನೆಟ್ಟಗೆ ನಿಂತಿರುತ್ತದೆ, ಎರಡನೇ ದಿನ ವಾಲುತ್ತದೆ, ಮೂರನೇ ದಿನ ಮಲಗುತ್ತದೆ, ಆಮೇಲೆ ಒಡೆದು ಹುಳು. ಅಂದರೆ ತತ್ತಿ ಕಂಡಿತು ಅಂದರೆ ಮೂರು ದಿನದೊಳಗೆ ರಾಣಿ ಅಲ್ಲಿ ಓಡಾಡಿದ್ದಾಳೆ ಅಂತಲೇ ಅರ್ಥ. ಅವಳನ್ನು ಹುಡುಕುತ್ತಾ ಪೆಟ್ಟಿಗೆಯನ್ನು ಬಿಸಿಲಲ್ಲಿ ತೆರೆದಿಡುವ ಅಗತ್ಯ ಇಲ್ಲ. ಒಂದು ಕೋಣೆಗೆ ಒಂದೇ ತತ್ತಿ, ನಡುತಳದಲ್ಲಿ. ಒಂದೊಂದು ಕೋಣೆಯಲ್ಲಿ ಮೂರು ನಾಲ್ಕು, ಗೋಡೆಗೆಲ್ಲ ಅಂಟಿಕೊಂಡಿದ್ದರೆ ರಾಣಿ ಇಲ್ಲ, ಕೆಲಸಗಾರ ನೊಣಗಳೇ ತತ್ತಿ ಇಡಲು ಶುರು ಮಾಡಿವೆ ಅಂತ. ಆ ತತ್ತಿಯಿಂದ ಗಂಡು ನೊಣ ಮಾತ್ರ ಹುಟ್ಟುತ್ತದೆ, ಕುಟುಂಬ ಮುಳುಗುವ ಹಾದಿ.

ಹುಳು ಮುತ್ತಿನ ಬಿಳುಪಿರಬೇಕು, ಸುರುಳಿ ಸುತ್ತಿಕೊಂಡು ಹಾಲಿನಂಥ ಆಹಾರದಲ್ಲಿ ತೇಲುತ್ತಿರಬೇಕು. ಹಳದಿ, ಕಂದು ಬಣ್ಣ ತಿರುಗಿದ್ದರೆ, ಕೆಟ್ಟ ವಾಸನೆ ಇದ್ದರೆ ತಿಳಿದವರಿಗೆ ತೋರಿಸಿ. ಮುಚ್ಚಿದ ಮರಿಕೋಣೆಗಳು ಒತ್ತೊತ್ತಾಗಿ ಇರಬೇಕು, ಅಲ್ಲೊಂದು ಇಲ್ಲೊಂದು ಆಗಿದ್ದರೆ ರಾಣಿಗೆ ವಯಸ್ಸಾಗಿರಬಹುದು. ಮರಿಯ ಸುತ್ತ ಪರಾಗದ ಪಟ್ಟಿ, ಅದರ ಮೇಲೆ ಫ್ರೇಮಿನ ಮೂಲೆಗೆ ತುಪ್ಪ. ಮೆಲ್ಲಿಫೆರಾದಲ್ಲಿ ತತ್ತಿಯಿಂದ ಕೆಲಸಗಾರ ನೊಣ ಹೊರಬರಲು 21 ದಿನ, ಗಂಡಿಗೆ 24, ರಾಣಿಗೆ 16. ತುಡುವೆಯಲ್ಲಿ ಕೆಲಸಗಾರಕ್ಕೆ ಒಂದೆರಡು ದಿನ ಕಡಿಮೆ. ಈ ಲೆಕ್ಕ ಯಾಕೆ ಬೇಕು ಅಂದರೆ, ಸೂರ್ಯಕಾಂತಿ ಹೂವಿಗೆ ಬರುವ ಹೊತ್ತಿಗೆ ದುಡಿಯುವ ನೊಣ ತುಂಬಿರಬೇಕಾದರೆ, ಆ ತತ್ತಿ ತಿಂಗಳೂವರೆ ಮುಂಚೆಯೇ ಬಿದ್ದಿರಬೇಕು. ಹುಟ್ಟಿದ ನೊಣ ಮೊದಲ ಎರಡು ಮೂರು ವಾರ ಒಳಗಿನ ಕೆಲಸ ಮಾಡಿ ಆಮೇಲೆಯೇ ಹೊಲಕ್ಕೆ ಹೋಗುವುದು. ಹೂ ಅರಳಿದ ದಿನ ಸಕ್ಕರೆ ಪಾಕ ಇಟ್ಟರೆ ಬಸ್ಸು ಹೋದ ಮೇಲೆ ಕೈ ಮಾಡಿದ ಹಾಗೆ.

ಫ್ರೇಮಿನ ಕೆಳ ಅಂಚಲ್ಲಿ ಶೇಂಗಾಕಾಯಿಯಷ್ಟು ಉದ್ದದ ಕೋಣೆ ಕೆಳಮುಖವಾಗಿ ತೂಗುತ್ತಿದ್ದರೆ ಅದು ರಾಣಿ ಕೋಣೆ. ಹೂವು ಜಾಸ್ತಿ ಇದ್ದು, ಪೆಟ್ಟಿಗೆ ಕಿಕ್ಕಿರಿದಾಗ ಕಟ್ಟುತ್ತವೆ. ಬಿಟ್ಟರೆ ಹಳೆ ರಾಣಿ ಅರ್ಧ ಸಂಸಾರ ಕಟ್ಟಿಕೊಂಡು ಹೊರಡುತ್ತಾಳೆ. ಪಾಲಾಗುವುದು ಅನ್ನುತ್ತೇವಲ್ಲ, ಅದು. ಜಾಗ ಕೊಡಿ, ಇಲ್ಲವೇ ನೀವೇ ಪಾಲು ಮಾಡಿ ಇನ್ನೊಂದು ಪೆಟ್ಟಿಗೆಗೆ ಹಾಕಿ.

ಹೂವಿಲ್ಲದ ದಿನಗಳಿಗೆ ಸಕ್ಕರೆ ಪಾಕ. ಒಂದು ಕೆಜಿ ಸಕ್ಕರೆಗೆ ಒಂದು ಲೀಟರ್ ನೀರು. ನೀರು ಕಾಯಿಸಿ ಇಳಿಸಿ ಸಕ್ಕರೆ ಕರಗಿಸಿ, ಆರಿದ ಮೇಲೆ ಬಾಟಲಿಗೆ ತುಂಬಿ ಮುಚ್ಚಳಕ್ಕೆ ಸೂಜಿಯಿಂದ ತೂತು ಮಾಡಿ ಪೆಟ್ಟಿಗೆಯೊಳಗೆ ತಲೆಕೆಳಗಾಗಿ ಇಡಿ. ಸಂಜೆ ಇಡಬೇಕು, ಹನಿ ಹೊರಗೆ ಚೆಲ್ಲಬಾರದು, ಚೆಲ್ಲಿದರೆ ಬೇರೆ ಪೆಟ್ಟಿಗೆಯವು ಲೂಟಿಗೆ ಬರುತ್ತವೆ. ಬೆಲ್ಲ ಬೇಡ, ಹೊಟ್ಟೆ ಕೆಡುತ್ತದೆ. ಅಂಗಡಿ ಜೇನುತುಪ್ಪ ಬೇಡ, ರೋಗ ಅದರ ಜೊತೆ ಬರಬಹುದು. ತುಪ್ಪ ತೆಗೆಯುವ ಕಾಲದಲ್ಲಿ ಪಾಕ ಪೂರ್ತಿ ಬಂದ್. ಇಟ್ಟರೆ ನೀವು ಮಾರುವುದು ಸಕ್ಕರೆ. ಇದೇ ದಿನಗಳಲ್ಲಿ ಮೇಣದ ಹುಳದ ಕಾಟವೂ ಜಾಸ್ತಿ, ಎರಿಯೊಳಗೆ ಬಲೆ ನೇಯ್ದು ಸುರಂಗ ಕೊರೆಯುತ್ತದೆ. ನೊಣ ಕೂತಿರದ ಖಾಲಿ ಎರಿ ಒಳಗೆ ಬಿಡಬೇಡಿ, ಅಡಿಮಣೆ ಗುಡಿಸಿ ಇಡಿ, ಅಷ್ಟೇ ಉಪಾಯ. ಕಳ್ಳಿಪೀರ, ಕಾಜಾಣ ಹಕ್ಕಿಗಳು ಬಂದು ತಿನ್ನುತ್ತವೆ, ಅದಕ್ಕೆ ತೀರಾ ತಲೆ ಕೆಡಿಸಿಕೊಳ್ಳಬೇಡಿ.

ತಲೆ ಕೆಡಿಸಿಕೊಳ್ಳಬೇಕಾದದ್ದು ಎಣ್ಣೆಗೆ. ದಾಳಿಂಬೆ ಬೆಳೆಯುವವರು ಇಲ್ಲಿ ಜಾಸ್ತಿ ಇದ್ದೀರಿ. ಅಂಬೆ ಬಹಾರ್ ಇರಲಿ, ಹಸ್ತ ಬಹಾರ್ ಇರಲಿ, ಅಂದರೆ ಹೂವಿನ ಯಾವ ಹಂಗಾಮಿರಲಿ, ಹೂ ಕಚ್ಚುವ ಹೊತ್ತಿಗೆ ಜೇನು ಓಡಾಡಿದರೆ ಕಾಯಿ ಕಟ್ಟುವುದು ಹೆಚ್ಚುತ್ತದೆ. ದಾಳಿಂಬೆಯಿಂದ ಅದಕ್ಕೆ ಸಿಗುವುದು ಪರಾಗವೇ ಜಾಸ್ತಿ, ತುಪ್ಪ ನಿರೀಕ್ಷೆ ಮಾಡಬೇಡಿ. ಸೂರ್ಯಕಾಂತಿಯಲ್ಲೂ ಹಾಗೇ, ತೆನೆಯ ನಡುಭಾಗ ಜೊಳ್ಳು ಬೀಳುವುದು ಕಡಿಮೆಯಾಗುತ್ತದೆ. ನನ್ನ ಲೆಕ್ಕದಲ್ಲಿ ಇಂಥ ಬೆಳೆ ಇದ್ದವರಿಗೆ ಬಾಟಲಿಯ ತುಪ್ಪಕ್ಕಿಂತ ಹೊಲದ ಲಾಭವೇ ದೊಡ್ಡದು. ಆದರೆ ಅದೇ ಹೂವಿನ ಹೊತ್ತಿಗೆ ನೀವು ಬೆಳಿಗ್ಗೆ ಏಳಕ್ಕೆ ಪಂಪು ಹೊತ್ತುಕೊಂಡರೆ? ಹತ್ತಿ, ಮೆಣಸಿನಕಾಯಿ, ಸೂರ್ಯಕಾಂತಿ ಎಲ್ಲದರಲ್ಲೂ ಇದೇ ಕಥೆ. ಪೆಟ್ಟಿಗೆ ಮುಂದೆ ಒಂದೇ ಸಲಕ್ಕೆ ರಾಶಿ ನೊಣ, ನಾಲಿಗೆ ಹೊರಗೆ ಚಾಚಿ, ಕೆಲವು ಇನ್ನೂ ಬುಗುರಿ ತಿರುಗುತ್ತಾ ಸಾಯುತ್ತಿದ್ದರೆ ಅದು ವಿಷ. ಇಮಿಡಾಕ್ಲೋಪ್ರಿಡ್ ಥರದ ಕೀಟನಾಶಕಗಳು ಜೇನಿಗೆ ತೀರಾ ಕೆಟ್ಟವು. ಹೊಡೆಯಲೇಬೇಕು ಅಂದರೆ ಹೂ ಬಿಡುವ ಮುಂಚೆ ಹೊಡೆಯಿರಿ, ಇಲ್ಲವೇ ಸಂಜೆ, ನೊಣ ಗೂಡು ಸೇರಿದ ಮೇಲೆ. ಪಕ್ಕದ ಹೊಲದವರಿಗೂ ಹೋಗಿ ಹೇಳಬೇಕು. ಬೈಕೊಂಡು ಹೇಳಿದರೆ ಕೇಳೋದಿಲ್ಲ, ಒಂದು ದಿನ ಕರೆದು ಪೆಟ್ಟಿಗೆ ತೋರಿಸಿ, ಅವರ ಸೂರ್ಯಕಾಂತಿಯಲ್ಲೂ ಇದೇ ನೊಣ ದುಡಿಯುತ್ತಿರುವುದನ್ನು ತೋರಿಸಿ. “ಕಾಕಾ, ಹೊಡಿಯೂ ಹಿಂದಿನ ದಿನ ಒಂದು ಫೋನ್ ಮಾಡ್ರಿ” ಅಂದರೆ ಬಹಳ ಜನ ಮಾಡುತ್ತಾರೆ. ಫೋನ್ ಬಂದರೆ ರಾತ್ರಿ ಬಾಗಿಲಿಗೆ ತಂತಿ ಜಾಲರಿ ಹಾಕಿ, ಮೇಲೆ ಒದ್ದೆ ಗೋಣಿ. ಬೇಸಿಗೆಯಲ್ಲಿ ಹಗಲಿಡೀ ಮುಚ್ಚಿಡಬೇಡಿ, ಉಸಿರುಗಟ್ಟಿ ಅಲ್ಲೇ ಸಾಯುತ್ತವೆ.

ತುಪ್ಪ ತೆಗೆಯುವುದು ಎರಡನೇ ವರ್ಷದ ಮಾತು, ಬೇಗ ಮುಗಿಸುತ್ತೇನೆ. ಪೆಟ್ಟಿಗೆಯ ಮೇಲಂತಸ್ತು, ಅಂದರೆ ಜೇನು ಕೋಣೆಯ ಎರಿ ಮುಕ್ಕಾಲು ಭಾಗ ಮೇಣದಿಂದ ಮುಚ್ಚಿರಬೇಕು. ಮುಚ್ಚದ ತುಪ್ಪದಲ್ಲಿ ನೀರಿನಂಶ ಜಾಸ್ತಿ, ಹುಳಿಯಾಗುತ್ತದೆ. ಶೇಕಡ 20ಕ್ಕಿಂತ ಜಾಸ್ತಿ ನೀರಿದ್ದರೆ ಮಾರುವಂತಿಲ್ಲ. ಎರಿ ಹಿಂಡಬೇಡಿ, ಯಂತ್ರದಲ್ಲಿ ತಿರುಗಿಸಿ ತೆಗೆದು ಎರಿಯನ್ನು ವಾಪಸ್ ಕೊಡಿ. ಮರಿ ಇರುವ ಕೆಳಗಿನ ಸಂಸಾರ ಕೋಣೆಯದನ್ನು ಮುಟ್ಟಲೇಬೇಡಿ. ಒಂದು ವರ್ಷದೊಳಗಿನ ಕೂಸಿಗೆ ಜೇನುತುಪ್ಪ ನೆಕ್ಕಿಸಬೇಡಿ ಅಂತ ಕೊಳ್ಳುವವರಿಗೂ ಹೇಳಿ.

“ನಮ್ಮ ಸೂರ್ಯಕಾಂತಿ ತುಪ್ಪ ತಿಂಗಳಿಗೇ ಗಟ್ಟಿಯಾತು, ಸಕ್ಕರಿ ಕಲಿಸೀರಿ ಅಂತ ಮಂದಿ ವಾಪಸ್ ಕೊಟ್ರು” ಅಂತ ಒಬ್ಬ ಅಕ್ಕ ಹೇಳಿದರು. ಸೂರ್ಯಕಾಂತಿ ತುಪ್ಪದ ಗುಣವೇ ಅದು, ಗ್ಲೂಕೋಸ್ ಜಾಸ್ತಿ, ಬೇಗ ಹರಳುಗಟ್ಟುತ್ತದೆ. ಬಾಟಲಿಯನ್ನು ಬೆಚ್ಚನೆ ನೀರಲ್ಲಿ ಇಟ್ಟರೆ ಕರಗುತ್ತದೆ, ಒಲೆಯ ಮೇಲೆ ಕಾಯಿಸಬೇಡಿ. ನೀರಿಗೆ ಹನಿ ಬಿಡುವುದು, ಬೆಂಕಿಕಡ್ಡಿ ಅದ್ದಿ ಗೀರುವುದು, ನಾಯಿಗೆ ಮೂಸಿಸುವುದು ಇವ್ಯಾವುದರಿಂದಲೂ ಅಸಲಿ ನಕಲಿ ಗೊತ್ತಾಗೋದಿಲ್ಲ. ಲೇಬಲ್ಲಿನ ಮೇಲೇ “ಇದು ಸೂರ್ಯಕಾಂತಿ ಜೇನು, ಗಟ್ಟಿಯಾಗುತ್ತದೆ” ಅಂತ ಬರೆದು ಮಾರಿ ಅಕ್ಕಾ.

ಕೊನೆಗೆ, ಯಾವಾಗ ಶುರು ಮಾಡಬೇಕು, ಎಲ್ಲಿ ಕಲಿಯಬೇಕು ಅಂತ ಮೂರ್ನಾಲ್ಕು ಜನ ಕೇಳಿದಿರಿ. ಮಳೆಗಾಲ ಮುಗಿದ ಮೇಲೆ, ದಸರಾ ದೀಪಾವಳಿ ಹೊತ್ತಿಗೆ ತನ್ನಿ. ಮುಂದೆ ತೊಗರಿ, ಹಿಂಗಾರಿ ಸೂರ್ಯಕಾಂತಿ, ಆಮೇಲೆ ಬೇವು ಹೊಂಗೆ ಇರುತ್ತವೆ, ಬಿಸಿಲು ಬರುವಷ್ಟರಲ್ಲಿ ಕುಟುಂಬ ಬಲವಾಗಿರುತ್ತದೆ, ನಿಮ್ಮ ಕೈಯೂ ಪಳಗಿರುತ್ತದೆ. ಮಾರ್ಚ್ ಏಪ್ರಿಲ್‌ನಲ್ಲಿ ಯಾರಾದರೂ ಅಗ್ಗಕ್ಕೆ ಕೊಡುತ್ತೇನೆ ಅಂದರೂ ಬೇಡ ಅನ್ನಿ. ತರಬೇತಿಗೆ ರಾಯಚೂರು ಕೃಷಿ ವಿಶ್ವವಿದ್ಯಾಲಯ, ಗಂಗಾವತಿ ಮತ್ತು ಹಗರಿಯ ಕೃಷಿ ವಿಜ್ಞಾನ ಕೇಂದ್ರಗಳಲ್ಲಿ ವಿಚಾರಿಸಿ. ಸಹಾಯಧನಕ್ಕೆ ತಾಲೂಕಿನ ತೋಟಗಾರಿಕೆ ಇಲಾಖೆ, ಅಲ್ಲಿ ಮಧುವನ ಮತ್ತು ಜೇನುಸಾಕಣೆ ಯೋಜನೆ ಅಂತ ಕೇಳಿ. ಕೊಳ್ಳುವಾಗ ಪೆಟ್ಟಿಗೆಯ ಬಣ್ಣ ನೋಡಬೇಡಿ, ಫ್ರೇಮ್ ಎತ್ತಿಸಿ ನೋಡಿ. ತತ್ತಿ, ಹುಳು, ಮುಚ್ಚಿದ ಮರಿ ಮೂರೂ ಕಂಡರೆ ದುಡ್ಡು ಕೊಡಿ. ಕತ್ತಲಾದ ಮೇಲೆ ಬಾಗಿಲಿಗೆ ಜಾಲರಿ ಹಾಕಿ, ಫ್ರೇಮ್ ಅಲುಗಾಡದ ಹಾಗೆ ಬಿಗಿದು ಸಾಗಿಸಿ, ಬೆಳಗಾಗುವಷ್ಟರಲ್ಲಿ ಜಾಗಕ್ಕೆ ಇಟ್ಟು ಬಾಗಿಲು ತೆಗೆಯಿರಿ. ಅದೇ ಊರಿನೊಳಗೆ ಅರ್ಧ ಕಿಲೋಮೀಟರ್ ಆಚೆಯಿಂದ ತಂದರೆ ನೊಣ ಹಳೆ ಜಾಗಕ್ಕೇ ವಾಪಸ್ ಹೋಗುತ್ತವೆ, ಅದಕ್ಕೆ ಮೂರ್ನಾಲ್ಕು ಕಿಲೋಮೀಟರ್ ಆಚೆಯ ಊರಿನಿಂದ ತರುವುದೇ ಒಳ್ಳೆಯದು.